ಬೆರಳಿನ ಸಂಸ್ಕಾರ ಮತ್ತು ಬದಲಾದ ಉಪಕರಣ

ವೈಶೇಷಿಕ ದರ್ಶನವು ಸಂಸ್ಕಾರವೆಂಬ ಗುಣವನ್ನು ವೇಗ, ಸ್ಥಿತಿಸ್ಥಾಪಕ, ಭಾವನೆ ಎಂದು ಮೂರಾಗಿ ವಿಂಗಡಿಸುತ್ತದೆ. ಬಿಟ್ಟ ಬಾಣವನ್ನು ಮುಂದಕ್ಕೊಯ್ಯುವುದು ವೇಗ, ಬಗ್ಗಿಸಿದ ಕೊಂಬೆಯನ್ನು ಮೊದಲಿನ ಸ್ಥಿತಿಗೆ ತರುವುದು ಸ್ಥಿತಿಸ್ಥಾಪಕ, ಅನುಭವದಿಂದ ಹುಟ್ಟಿ ಸ್ಮೃತಿಗೆ ಕಾರಣವಾಗುವುದು ಭಾವನೆ. ಮೊದಲೆರಡಕ್ಕೆ ಜಡದ್ರವ್ಯಗಳು ಆಶ್ರಯವಾದರೆ ಭಾವನೆಗೆ ಆತ್ಮವೊಂದೇ ಆಶ್ರಯ. ವೈಶೇಷಿಕದ ಭಾಷ್ಯಕಾರ ಪ್ರಶಸ್ತಪಾದನು ಭಾವನೆಯ ಕಾರಣಗಳಲ್ಲಿ ಅಭ್ಯಾಸವನ್ನು ಎಣಿಸುವಾಗ ವಿದ್ಯೆಯೊಡನೆ ಶಿಲ್ಪವನ್ನೂ, ಅಂದರೆ ಕೈಕಸುಬನ್ನೂ, ಹೆಸರಿಸುತ್ತಾನೆ. ಈ ಮಾತನ್ನು ಒಪ್ಪಿದರೆ, ತಂತ್ರಾಂಶವೊಂದರ ಹೊರರೂಪವನ್ನು ತಿದ್ದುವವರು ಯಂತ್ರವನ್ನಷ್ಟೇ ತಿದ್ದುತ್ತಾರೆ ಎನ್ನಲಾಗದು, ಏಕೆಂದರೆ ಅದನ್ನು ಬಳಸುವ ಕೌಶಲ ನೆಲೆಸಿರುವುದು ಬಳಸುವವನಲ್ಲಿ.

ಉದಾಹರಣೆಗೆ, 1995ರಿಂದ ವಿಂಡೋಸ್ ಪರದೆಯ ಕೆಳಗಿನ ಎಡಮೂಲೆಯಲ್ಲಿದ್ದ ‘ಸ್ಟಾರ್ಟ್’ ಗುಂಡಿಯನ್ನು 2012ರ ವಿಂಡೋಸ್ 8 ತೆಗೆದುಹಾಕಿತು. ಬಳಕೆದಾರರ ಅಸಮಾಧಾನದ ನಂತರ 2013ರಲ್ಲಿ ಗುಂಡಿಯೂ 2015ರ ವಿಂಡೋಸ್ 10ರಲ್ಲಿ ಅದರ ಪಟ್ಟಿಯೂ ಮರಳಿದವು.

ಎಲ್ಲವೂ ಅನಿತ್ಯವಾಗಿರುವಾಗ ಗುಂಡಿಯೊಂದಕ್ಕೆ ಮರುಗುವುದು ಮೋಹವಲ್ಲವೇ ಎಂಬ ಆಕ್ಷೇಪ ಇಲ್ಲಿ ಸಹಜವಾಗಿ ಏಳುತ್ತದೆ. ಆದರೆ ಕಾಲವಶದಿಂದ ಸವೆಯುವುದು ಬೇರೆ, ಒಬ್ಬ ಕರ್ತೃ ತನ್ನ ಪ್ರಯೋಜನಕ್ಕಾಗಿ ಬದಲಿಸುವುದು ಬೇರೆ. ಎರಡನೆಯದರಲ್ಲಿ ನ್ಯಾಯದ ಪ್ರಶ್ನೆಯಿದೆ. ಕರ್ಮವಿಚಾರದಲ್ಲಿ ದಾರ್ಶನಿಕರು ಎರಡು ದೋಷಗಳನ್ನು ಹೇಳುತ್ತಾರೆ: ಮಾಡಿದ್ದರ ಫಲ ಕೈತಪ್ಪುವುದು ಕೃತಹಾನಿ, ಮಾಡದೆ ಇದ್ದುದರ ಫಲ ಮೈಮೇಲೆ ಬರುವುದು ಅಕೃತಾಭ್ಯಾಗಮ. ಜಗತ್ತಿನ ವ್ಯವಸ್ಥೆಯಲ್ಲಿ ಇವಕ್ಕೆ ಎಡೆಯಿರಬಾರದೆಂಬ ನಿಷ್ಠೆಯಿಂದಲೇ ಆ ವಾದಗಳು ಬೆಳೆದವು. ಕಾರಣವಿಲ್ಲದ ಮರುವಿನ್ಯಾಸವು ಈ ಎರಡನ್ನೂ ಒಟ್ಟಿಗೆ ತರುತ್ತದೆ: ವರ್ಷಗಟ್ಟಲೆ ದುಡಿದು ಗಳಿಸಿದ ಕೈಚಳಕ ನಿಷ್ಫಲವಾಗುತ್ತದೆ, ತಾನು ಕೇಳದ ಬದಲಾವಣೆಗೆ ಮರುಕಲಿಕೆಯ ಶ್ರಮವನ್ನು ಬಳಕೆದಾರನೇ ತೆರಬೇಕಾಗುತ್ತದೆ. ಈ ಭಾರ ವಯಸ್ಸಾದವರ ಮೇಲೂ, ಪರದೆಯನ್ನು ನೋಡದೆ ಕೀಲಿಗಳ ಕ್ರಮವನ್ನೇ ನಂಬಿ ದುಡಿಯುವ ಅಂಧರ ಮೇಲೂ ಹೆಚ್ಚಾಗಿ ಬೀಳುತ್ತದೆಯೆಂಬುದು ಅನ್ಯಾಯವನ್ನು ಇನ್ನಷ್ಟು ಗಾಢವಾಗಿಸುತ್ತದೆ.

ಹಾಗೆಂದು ಬದಲಾವಣೆಯೇ ದೋಷವಲ್ಲ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಮೂಡಿದ ಕನ್ನಡವು ಆ ಶೈಲಿಯಿಲ್ಲದ ಗಣಕದಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತಿತ್ತು. ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಯೂನಿಕೋಡ್ ವ್ಯವಸ್ಥೆಗೆ ಹೊರಳದೆ ಕನ್ನಡ ಪಠ್ಯವನ್ನು ಅಂತರಜಾಲದಲ್ಲಿ ಹುಡುಕುವುದು ಸಾಧ್ಯವಿರಲಿಲ್ಲ. ಅಷ್ಟು ಆಳದ ಪಲ್ಲಟ ಒಳಗೆ ನಡೆದರೂ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನು ಕೈಬಿಡಲಿಲ್ಲವೆಂಬುದು ಗಮನಿಸಬೇಕಾದ ಸಂಗತಿ. ತಂತ್ರಜ್ಞಾನದ ಇತಿಹಾಸದಲ್ಲಿ ಇಂಥ ವಿವೇಕಕ್ಕೆ ಸಿಗಬೇಕಾದ ಗೌರವ ಇನ್ನೂ ಸಿಕ್ಕಿಲ್ಲ. ಹಳೆಯ ಅಕ್ಷರಶೈಲಿಗಳ ಕಾಲದಲ್ಲಿ ಆ ವಿನ್ಯಾಸವನ್ನು ಕಲಿತವರು ಇಂದು ಯೂನಿಕೋಡ್‌ನಲ್ಲಿ ಬರೆಯುವಾಗಲೂ ಒತ್ತಕ್ಷರಕ್ಕಾಗಿ ಅದೇ ‘ಎಫ್’ ಕೀಲಿಯನ್ನು ಒತ್ತುತ್ತಾರೆ.