ಹಾಜರಿ ಪುಸ್ತಕದ ಒಂಬತ್ತು ಹೆಸರು

ಬಿಣಗಾದ ಸಮೀಪ ನಾವು ನಾಲ್ಕನೇ ತರಗತಿಯವರೆಗೆ ಉರ್ದುವಿನಲ್ಲಿ ಓದಿದ ಶಾಲೆಯಿಂದ ಕಳೆದ ಮಳೆಗಾಲದಲ್ಲಿ ಕರೆ ಬಂತು. ಪೋಷಕರ ಸಭೆಯಿದೆ, ಹಳೆಯ ವಿದ್ಯಾರ್ಥಿಯೆಂದು ನೀವೂ ಬರಬೇಕು ಎಂದರು. ಹೋದೆವು. ಮೇಜಿನ ಮೇಲೆ ಹಾಜರಿ ಪುಸ್ತಕ ತೆರೆದಿತ್ತು. ಐದೂ ತರಗತಿಗಳು ಸೇರಿ ಒಂಬತ್ತು ಹೆಸರು. ನಮ್ಮ ಕಾಲದಲ್ಲಿ ಒಂದನೇ ತರಗತಿಯೊಂದರ ಹಾಜರಿ ಕೂಗಿ ಮುಗಿಸುವಷ್ಟರಲ್ಲಿ ಮಾಸ್ತರ್ ಸಾಹೇಬರ ಗಂಟಲು ಒಣಗುತ್ತಿತ್ತು. ಹಂಚಿನ ಮೇಲೆ ಮಳೆ ಸುರಿಯುತ್ತಿದ್ದುದರಿಂದ ಸಭೆಗೆ ಬಂದಿದ್ದ ಅಧಿಕಾರಿಗಳು ದನಿಯೇರಿಸಿಯೇ ಮಾತಾಡಬೇಕಾಯಿತು. "ಯಾರೂ ಗಾಬರಿಯಾಗಬೇಡಿ. ಇದು ಶಾಲೆ ಮುಚ್ಚುವುದಲ್ಲ, ವಿಲೀನ" ಎಂದರು. ಒಳ್ಳೆಯ ಮನುಷ್ಯರೇ. ಹೇಳಬೇಕಾದದ್ದನ್ನು ಹೇಳುವಾಗ ಅವರಿಗೂ ಮುಜುಗರವಿತ್ತು.

ಕಥೆ ಬರೆಯುವವರಿಗೆ ಪದಗಳ ಮೇಲೆ ಅನುಮಾನ ಹೆಚ್ಚು. ವಿಲೀನ ಎಂಬ ಮಾತನ್ನು ನಾವು ಸಂಸ್ಥಾನಗಳ ವಿಷಯದಲ್ಲಿ ಓದಿದ್ದೇವೆ, ಬ್ಯಾಂಕುಗಳ ವಿಷಯದಲ್ಲಿ ಕೇಳಿದ್ದೇವೆ. ಕಾಳಿ ನದಿ ಸಮುದ್ರದಲ್ಲಿ ವಿಲೀನವಾಗುತ್ತದೆ ಎನ್ನುತ್ತೇವೆ. ಅಲ್ಲೆಲ್ಲ ಯಾರೂ ಹೆಗಲಿಗೆ ಚೀಲ ಹಾಕಿಕೊಂಡು ಮಳೆಯಲ್ಲಿ ನಡೆಯಬೇಕಾಗಿಲ್ಲ. ಶಾಲೆಯ ವಿಲೀನದಲ್ಲಿ ನಡೆಯಬೇಕಾದವರಿಗೆ ಆರು ವರ್ಷ, ಏಳು ವರ್ಷ.

ಇದು ನಮ್ಮೂರಿನ ಸುದ್ದಿ ಮಾತ್ರವಲ್ಲ. 2011ರಲ್ಲಿ ಐದಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳನ್ನು ಹತ್ತಿರದ ಶಾಲೆಗೆ ಸೇರಿಸುವ ಮಾತು ಬಂದಾಗ ಶಿಕ್ಷಣ ಸಚಿವರಾಗಿದ್ದ ವಿಶ್ವೇಶ್ವರ ಹೆಗಡೆ ಕಾಗೇರಿಯವರು ನಮ್ಮದೇ ಜಿಲ್ಲೆಯವರು, ಅದಕ್ಕೂ ಮುಂಚೆ ಅಂಕೋಲೆಯಿಂದಲೇ ಶಾಸಕರಾಗಿದ್ದವರು. ಗುಡ್ಡ, ಹಳ್ಳ, ಹೊಳೆಗಳ ನಡುವೆ ನಾಲ್ಕು ಮನೆ ಅಲ್ಲಿ, ಐದು ಮನೆ ಇಲ್ಲಿ ಎಂಬಂತಿರುವ ಜಿಲ್ಲೆ ಇದು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. 2018ರ ಜುಲೈಯಲ್ಲಿ ಕುಮಾರಸ್ವಾಮಿಯವರ ಬಜೆಟ್ಟು 28,847 ಶಾಲೆಗಳನ್ನು 8,530 ಶಾಲೆಗಳಲ್ಲಿ ಸೇರಿಸುವ ಪ್ರಸ್ತಾಪ ತಂದಿತು. ಸಾಹಿತಿಗಳು, ಕನ್ನಡ ಸಂಘಟನೆಗಳು ವಿರೋಧಿಸಿದವು. ಅಂದುಕೊಂಡ ಪ್ರಮಾಣದಲ್ಲಿ ಅದು ನಡೆಯಲಿಲ್ಲ. 2025ರಲ್ಲಿ ಕರ್ನಾಟಕ ಪಬ್ಲಿಕ್ ಶಾಲೆಗಳನ್ನು ಹೆಚ್ಚಿಸುವ ಯೋಜನೆಯೊಂದಿಗೆ ಅದೇ ಆತಂಕ ಮತ್ತೆ ತಲೆಯೆತ್ತಿತು. ಅದೇ ವರ್ಷ ಉತ್ತರ ಪ್ರದೇಶದಲ್ಲಿ ಐವತ್ತಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳನ್ನು ಜೋಡಿಸುವ ಆದೇಶ ಹೊರಟು ಅಲಹಾಬಾದ್ ಹೈಕೋರ್ಟಿನ ಮೆಟ್ಟಿಲೇರಿತು. ಪಕ್ಷ ಯಾವುದೇ ಇರಲಿ, ಕುರ್ಚಿಯಲ್ಲಿ ಕೂತವರಿಗೆ ಲೆಕ್ಕ ಒಂದೇ ರೀತಿ ಕಾಣುತ್ತದೆ.

ಆ ಲೆಕ್ಕವನ್ನು ಹೀಗಳೆಯುವುದು ಸುಲಭ, ಆದರೆ ನ್ಯಾಯವಲ್ಲ. ಆ ದಿನ ನಾವು ತರಗತಿಯಲ್ಲಿ ಸ್ವಲ್ಪ ಹೊತ್ತು ಕೂತೆವು. ಐದು ತರಗತಿಗಳಿಗೆ ಒಬ್ಬರೇ ಶಿಕ್ಷಕಿ. ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರು ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಇನ್ನೊಬ್ಬರನ್ನು ನಿಯೋಜನೆಯ ಮೇಲೆ ಬೇರೆಡೆಗೆ ಕಳಿಸಲಾಗಿತ್ತು. ಇವರೇ ಪಾಠ ಹೇಳಬೇಕು, ಬಿಸಿಯೂಟದ ಅಕ್ಕಿಯ ಲೆಕ್ಕ ಬರೆಯಬೇಕು, ಮೊಬೈಲಿನಲ್ಲಿ ಮಾಹಿತಿ ತುಂಬಿಸಬೇಕು. ಮೂರನೇ ತರಗತಿಯಲ್ಲಿ ಇರುವವನು ಒಬ್ಬನೇ ಹುಡುಗ. ಅವನಿಗೆ ಜಗಳವಾಡಲೂ ಒಬ್ಬ ಸಹಪಾಠಿಯಿಲ್ಲ. ನಾವು ಶಾಲೆಯಲ್ಲಿ ಕಲಿತದ್ದರಲ್ಲಿ ಅರ್ಧ ಪಕ್ಕದಲ್ಲಿ ಕೂತವನಿಂದ ಕಲಿತದ್ದು. ಈ ಹುಡುಗನಿಗೆ ದೊಡ್ಡ ಶಾಲೆ, ಆಟದ ಬಯಲು, ಜೊತೆಗಾರರು ಸಿಗುವುದಾದರೆ ಅದನ್ನು ತಡೆಯಲು ನಾವು ಯಾರು? ಹಳೆಯ ವಿದ್ಯಾರ್ಥಿಗಳ ನೆನಪುಗಳನ್ನು ಕಾಪಾಡುವುದಕ್ಕಾಗಿ ಶಾಲೆ ಇರುವುದಲ್ಲ.

ಹಾಗೆಂದುಕೊಳ್ಳುತ್ತಲೇ ಹಾಜರಿ ಪುಸ್ತಕವನ್ನು ಮತ್ತೆ ನೋಡಿದೆವು. ಒಂಬತ್ತು ಮಕ್ಕಳು ಏಳು ಮನೆಯವರು. ಇಬ್ಬರು ಸವಣೂರು ಕಡೆಯಿಂದ ಗಾರೆ ಕೆಲಸಕ್ಕೆ ಬಂದವನ ಮಕ್ಕಳು. ಒಬ್ಬಳು ಬಿಸಿಯೂಟ ಮಾಡುವ ಖಾಲಾನ ಮೊಮ್ಮಗಳು. ತಾಯಿ ಗಂಡನ ಮನೆಯಿಂದ ಹಿಂದಿರುಗಿದವಳು. ಇನ್ನೊಬ್ಬನ ತಂದೆ ಮೀನಿನ ಟೆಂಪೋದಲ್ಲಿ ಕೆಲಸ ಮಾಡುತ್ತಾನೆ. ಬಿಟ್ಟು ಹೋಗಬಲ್ಲವರೆಲ್ಲ ಬಿಟ್ಟು ಹೋಗಿದ್ದರು. ಉಳಿದವರು ಶಾಲೆಯ ಮೇಲಿನ ಅಭಿಮಾನದಿಂದ ಉಳಿದವರಲ್ಲ, ಬೇರೆ ದಾರಿಯಿಲ್ಲದೆ ಉಳಿದವರು. ಮಕ್ಕಳ ಸಂಖ್ಯೆ ಇಳಿದಷ್ಟೂ ಶಾಲೆಯ ಅಗತ್ಯ ಇಳಿಯುತ್ತದೆ ಎಂದು ಕಡತ ಹೇಳುತ್ತದೆ. ಆದರೆ ಸಂಖ್ಯೆ ಇಳಿದಷ್ಟೂ, ಉಳಿದವರ ಪಾಲಿಗೆ ಆ ಶಾಲೆಯ ಅಗತ್ಯ ಹೆಚ್ಚುತ್ತಾ ಹೋಗುತ್ತದೆಯಲ್ಲ? ಇನ್ನೂರು ಮಕ್ಕಳ ಶಾಲೆ ಮುಚ್ಚಿದರೆ ಅವರಲ್ಲಿ ಬಹಳ ಮಂದಿ ಬೇರೊಂದು ಶಾಲೆ ಹುಡುಕಿಕೊಳ್ಳುತ್ತಾರೆ.

ಬಿಟ್ಟು ಹೋದವರಲ್ಲಿ ನಾವೂ ಇದ್ದೇವೆ. ನಮ್ಮ ಮಗಳನ್ನು 2014ರ ಜೂನಿನಲ್ಲಿ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿಸಿದೆವು. ಅದೇ ವರ್ಷ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಕರ್ನಾಟಕದ 1994ರ ಭಾಷಾ ನೀತಿಯ ಪ್ರಕರಣದಲ್ಲಿ, ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಹೇರುವಂತಿಲ್ಲ, ಆಯ್ಕೆ ಪಾಲಕರದ್ದು ಎಂದು ತೀರ್ಪು ಕೊಟ್ಟಿತ್ತು. ಆಯ್ಕೆ ನಮ್ಮದೇ ಆಗಿತ್ತು, ಅದನ್ನು ಬಳಸಿಕೊಂಡೆವು. ಮಗುವಿನ ಭವಿಷ್ಯದ ಪ್ರಶ್ನೆ ಎಂದು ಮನೆಯಲ್ಲಿ ಮಾತಾಡಿಕೊಂಡೆವು. ಅದು ಸುಳ್ಳೂ ಅಲ್ಲ. ನಮ್ಮ ಹಾಗೆ ಪಕ್ಕದ ಮನೆಯವರು, ಅವರ ಹಾಗೆ ಓಣಿಯ ಕೊನೆಯ ಮನೆಯವರು. ಪ್ರತಿಯೊಬ್ಬರದ್ದೂ ನ್ಯಾಯವಾದ ಆಯ್ಕೆಯೇ. ಅವೆಲ್ಲ ಕೂಡಿ ಈ ಒಂಬತ್ತು ಮಕ್ಕಳಿಗೆ ಆಯ್ಕೆಯೇ ಇಲ್ಲದಂತೆ ಮಾಡಿದವು. ಯಾರೂ ತಪ್ಪು ಮಾಡದೆ ಇಂಥ ಅನ್ಯಾಯ ಆಗಬಹುದೇ ಎಂದು ಆ ದಿನದಿಂದ ಯೋಚಿಸುತ್ತಿದ್ದೇವೆ. ಆಗಬಹುದು ಎಂದೇ ಕಾಣುತ್ತದೆ. ಹಾಗಾದಾಗ ಹೊಣೆ ಯಾರದ್ದು ಎಂಬುದಕ್ಕೆ ನ್ಯಾಯಾಲಯದ ತೀರ್ಪುಗಳಲ್ಲಿ ಉತ್ತರ ಸಿಗುವುದಿಲ್ಲ.

ಸರ್ಕಾರಕ್ಕೂ ಈ ಸಂಖ್ಯೆ ಆಕಾಶದಿಂದ ಬಿದ್ದದ್ದಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಶೇ. 25ರ ಸೀಟುಗಳಿಗಾಗಿ ಅದೇ ಶುಲ್ಕ ಕಟ್ಟಿ ಬಡವರ ಮಕ್ಕಳನ್ನು ಖಾಸಗಿ ಶಾಲೆಗಳಿಗೆ ವರ್ಷವರ್ಷ ಕಳಿಸಿತು. ಹತ್ತಿರದಲ್ಲಿ ಸರ್ಕಾರಿ ಶಾಲೆಯಿದ್ದರೆ ಆ ಸೀಟು ಇಲ್ಲವೆಂದು ನಿಯಮ ಬದಲಾಗುವಷ್ಟರಲ್ಲಿ ವರ್ಷಗಳು ಕಳೆದಿದ್ದವು. ತನ್ನ ಅಂಗಡಿಯಲ್ಲಿ ಗಿರಾಕಿಯಿಲ್ಲ ಎಂದು ಅಳುವ ವ್ಯಾಪಾರಿ, ಗಿರಾಕಿಗೆ ರಿಕ್ಷಾ ಬಾಡಿಗೆ ಕೊಟ್ಟು ಎದುರಿನ ಅಂಗಡಿಗೆ ಕಳಿಸಿದಂತೆ.

ಉರ್ದುವಿನ ಮಾತು ಬಂದರೆ ನಮ್ಮವರಿಗೆ ಬೇಗ ಕಣ್ಣೀರು ಬರುತ್ತದೆ. ಸಭೆಯಲ್ಲೂ ಬಂತು. ಕನ್ನಡ ಶಾಲೆಗೆ ಸೇರಿಸಿದರೆ ಮಕ್ಕಳ ಭಾಷೆ ಹೋಗುತ್ತದೆ ಎಂದು ಹಿರಿಯರೊಬ್ಬರು ಭಾವುಕರಾಗಿ ಮಾತಾಡಿದರು. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಲಭ್ಯ ಒದಗಿಸಬೇಕೆನ್ನುತ್ತದೆ. ಅವರ ಮಾತು ಆ ಮಟ್ಟಿಗೆ ಸರಿ. ಆದರೆ ಅವರ ಮೊಮ್ಮಕ್ಕಳು ಓದುವುದೂ ಇಂಗ್ಲಿಷ್ ಶಾಲೆಯಲ್ಲೇ. ಮುಶಾಯಿರಾದಲ್ಲಿ ವಾಹ್ ವಾಹ್ ಎನ್ನುವವರೂ ಸಾಹಿತ್ಯ ಸಮ್ಮೇಳನದಲ್ಲಿ ಕನ್ನಡ ಶಾಲೆ ಉಳಿಸಿ ಎಂದು ನಿರ್ಣಯ ಮಂಡಿಸುವವರೂ ಈ ಒಂದು ವಿಷಯದಲ್ಲಿ ಅಣ್ಣತಮ್ಮಂದಿರು. ನಾವಂತೂ ನಾಲ್ಕು ವರ್ಷ ಉರ್ದುವಿನಲ್ಲಿ ಕಲಿತು ಐದನೆಯದಕ್ಕೆ ಕನ್ನಡ ಶಾಲೆಗೆ ಹೋದವರು. ಮೊದಲ ಮೂರು ತಿಂಗಳು ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿ ಕೂತಿದ್ದೆವು. ಆಮೇಲೆ ಅದೇ ಕನ್ನಡ ಅನ್ನ ಕೊಟ್ಟಿತು, ಕಥೆ ಕೊಟ್ಟಿತು. ಆದರೆ ಆಗ ನಮಗೆ ಹತ್ತು ವರ್ಷ, ಓದು ಬರಹ ಆಗಲೇ ಕೈಹತ್ತಿತ್ತು. ಎರಡನೇ ತರಗತಿಯ ಮಗುವನ್ನು ವರ್ಷದ ನಡುವೆ ಎತ್ತಿ ಬೇರೆ ಲಿಪಿಯ ಮುಂದೆ ಕೂರಿಸಿದರೆ ಆ ಮೂರು ತಿಂಗಳು ಮೂರು ವರ್ಷವಾಗಬಹುದು. ಶಾಲೆ ತನ್ನದಲ್ಲ ಎಂದು ಒಮ್ಮೆ ಅನ್ನಿಸಿದ ಮಗು ಏನೂ ಹೇಳುವುದಿಲ್ಲ, ಸುಮ್ಮನೆ ಬರುವುದನ್ನು ಬಿಡುತ್ತದೆ. ಹೆಣ್ಣುಮಕ್ಕಳು ಮೊದಲು ಬಿಡುತ್ತಾರೆ.

ದೂರದ ವಿಷಯವೂ ಹಾಗೆಯೇ. ನಿಯಮದ ಪ್ರಕಾರ ಐದನೇ ತರಗತಿಯವರೆಗೆ ಶಾಲೆ ಒಂದು ಕಿಲೋಮೀಟರಿನೊಳಗೆ ಇರಬೇಕು. ನಕಾಶೆಯಲ್ಲಿ ಇದೆ, ಅಧಿಕಾರಿಗಳು ಸುಳ್ಳು ಹೇಳಲಿಲ್ಲ. ಮರುದಿನ ಬೆಳಿಗ್ಗೆ ಆ ಒಂದು ಕಿಲೋಮೀಟರನ್ನು ನಾವು ನಡೆದು ನೋಡಿದೆವು. ನಡುವೆ ರಾಷ್ಟ್ರೀಯ ಹೆದ್ದಾರಿ 66 ಅಡ್ಡ ಬರುತ್ತದೆ. ನಾವು ಚಿಕ್ಕವರಿದ್ದಾಗ ಅದಕ್ಕೆ 17 ಎಂಬ ಸಂಖ್ಯೆಯಿತ್ತು, ಎತ್ತಿನ ಗಾಡಿ ನಿಲ್ಲಿಸಿ ಮಾತಾಡುವಷ್ಟು ಸಣ್ಣದಾಗಿತ್ತು. ಈಗ ಚತುಷ್ಪಥ, ಸುರಂಗ ದಾಟಿ ಬರುವ ಲಾರಿಗಳಿಗೆ ಬಿಣಗಾ ಎಂಬ ಊರಿದೆಯೆಂದು ಗೊತ್ತಾಗುವುದಿಲ್ಲ. ಆ ಕಡೆಗೆ ದಾಟಲು ನಮಗೇ ಎರಡು ಸಲ ಹಿಂದೆ ಸರಿಯಬೇಕಾಯಿತು. ಒಂದು ಕೈಯಲ್ಲಿ ಛತ್ರಿ, ಇನ್ನೊಂದು ಕೈಯಲ್ಲಿ ತಮ್ಮನ ಕೈ ಹಿಡಿದ ಎಂಟು ವರ್ಷದ ಹುಡುಗಿಗೆ ಈ ಒಂದು ಕಿಲೋಮೀಟರು ಎಷ್ಟಾಗುತ್ತದೆ? ಇಲ್ಲಿನ ಜನರಿಗೆ ಗುಡ್ಡ ಮತ್ತು ಹೆದ್ದಾರಿಯ ಭಯ ಕಲ್ಪನೆಯದ್ದಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಇದೇ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದನ್ನು ಯಾರೂ ಮರೆತಿಲ್ಲ.

ಈ ಸೀಮೆಯವರು ಮೊದಲೇ ಒಮ್ಮೆ ಎದ್ದು ಹೋದವರು. ನಾವು ಒಂದನೇ ತರಗತಿ ಸೇರಿದ 1986ರ ಅಕ್ಟೋಬರಿನಲ್ಲಿ ಪ್ರಧಾನಿ ರಾಜೀವ್ ಗಾಂಧಿಯವರು ಅರ್ಗಾದಲ್ಲಿ ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆ ಮಾಡಿದರು. ಕಾರವಾರ, ಅಂಕೋಲಾ ತಾಲೂಕುಗಳ ಸಾವಿರಾರು ಕುಟುಂಬಗಳು ಸಮುದ್ರದಂಚನ್ನು ಬಿಟ್ಟು ತೋಡೂರು, ಮುದಗಾ, ಚಿತ್ತಾಕುಲಗಳ ಕಾಲೋನಿಗಳಿಗೆ ಹೋದವು. ದೇಶಕ್ಕೆ ಬೇಕು ಎಂದರು, ಜನ ಕೊಟ್ಟರು. ಪರಿಹಾರದ ವ್ಯಾಜ್ಯ ನ್ಯಾಯಾಲಯಗಳಲ್ಲಿ ದಶಕಗಳ ಕಾಲ ನಡೆಯಿತು, ಆದರೆ ಕೇಳಲು ಒಂದು ಹಕ್ಕಾದರೂ ಇತ್ತು, ಗುಂಟೆಗೆ ಇಷ್ಟು ಎಂಬ ಅಳತೆಯಿತ್ತು. ಶಾಲೆ ಹೋದರೆ ಗುಂಟೆಗೆ ಎಷ್ಟು? ನಮ್ಮ ಶಾಲೆಯ ಜಾಗ ಯಾರೋ ಪುಣ್ಯಾತ್ಮರು ಊರ ಮಕ್ಕಳ ಓದಿಗೆಂದು ಕೊಟ್ಟದ್ದು. ನಮ್ಮಲ್ಲಿ ಅದಕ್ಕೆ ಅಮಾನತ್ ಎನ್ನುತ್ತಾರೆ: ನಂಬಿ ಒಪ್ಪಿಸಿದ್ದು, ಇಟ್ಟುಕೊಂಡವನು ತನಗೆ ಬೇಕಾದಂತೆ ಬಳಸುವಂತಿಲ್ಲ. 2018ರಲ್ಲಿ ಬಂದ ರಿಷಬ್ ಶೆಟ್ಟಿಯವರ ಕಾಸರಗೋಡಿನ ಸಿನಿಮಾದ ಹೆಸರಿನಲ್ಲಿ ಶಾಲೆಯ ಹೆಸರಿನ ಜೊತೆಗೇ 'ಕೊಡುಗೆ: ರಾಮಣ್ಣ ರೈ' ಎಂದಿದೆ. ಗಡಿಯಾಚೆ ಮುಚ್ಚಲಾಗುವ ಕನ್ನಡ ಶಾಲೆಗಾಗಿ ಕರ್ನಾಟಕದ ಚಿತ್ರಮಂದಿರಗಳಲ್ಲಿ ಚಪ್ಪಾಳೆ ಬಿತ್ತು. ಅದೇ ವರ್ಷದ ಬಜೆಟ್ಟಿನ ಲೆಕ್ಕವನ್ನು ಮೇಲೆ ಹೇಳಿದ್ದೇವೆ.

ಹಾಗಾದರೆ ಒಬ್ಬಂಟಿ ಹುಡುಗನಿಗೇನು ಮಾಡೋಣ? 1964-66ರ ಕೊಠಾರಿ ಆಯೋಗ ಇದಕ್ಕೊಂದು ದಾರಿ ಹೇಳಿತ್ತು. ಸಣ್ಣ ಶಾಲೆಗಳನ್ನು ಇದ್ದಲ್ಲಿಯೇ ಉಳಿಸಿ, ಹತ್ತಿರದ ದೊಡ್ಡ ಶಾಲೆಯೊಂದಿಗೆ ಕಟ್ಟಿ, ಶಿಕ್ಷಕರನ್ನೂ ಪುಸ್ತಕಗಳನ್ನೂ ಹಂಚಿಕೊಳ್ಳುವ ಶಾಲಾ ಸಂಕೀರ್ಣ. 2020ರ ಶಿಕ್ಷಣ ನೀತಿಯೂ ಆ ಮಾತನ್ನು ಎತ್ತಿಕೊಂಡಿದೆ. ಮಕ್ಕಳು ಓಡಾಡುವ ಬದಲು ಶಿಕ್ಷಕರು ಓಡಾಡಲಿ, ವಾರಕ್ಕೊಮ್ಮೆ ಮಕ್ಕಳನ್ನು ವಾಹನದಲ್ಲಿ ಕರೆದೊಯ್ದು ಎಲ್ಲರೊಂದಿಗೆ ಆಡಿಸಿ ತರಲಿ. ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ನಲಿ-ಕಲಿ ಪದ್ಧತಿ ಒಂದೇ ಕೋಣೆಯಲ್ಲಿ ಹಲವು ತರಗತಿಗಳ ಮಕ್ಕಳನ್ನು ಕೂಡಿಸಿ ಕಲಿಸುವುದನ್ನು ತೋರಿಸಿಕೊಟ್ಟಿದೆ. ಇದಕ್ಕೆ ಹಣ ಬೇಕು ನಿಜ. ಚೀನಾ 2001ರಿಂದ ಹಳ್ಳಿಯ ಸಣ್ಣ ಶಾಲೆಗಳನ್ನು ಬೃಹತ್ ಪ್ರಮಾಣದಲ್ಲಿ ಮುಚ್ಚಿ ಹಣ ಉಳಿಸಹೊರಟು, ಎಳೆಯ ಮಕ್ಕಳು ದೂರದ ದಾರಿ, ಹಾಸ್ಟೆಲುಗಳ ಪಾಲಾದ ಮೇಲೆ 2012ರಲ್ಲಿ ತಡೆ ಹಾಕಿತು. ಅಷ್ಟರಲ್ಲಿ ಒಂದು ತಲೆಮಾರು ಬೆಳೆದಾಗಿತ್ತು.

ಸಭೆಯ ಕೊನೆಗೆ ಒಪ್ಪಿಗೆ ಪತ್ರಕ್ಕೆ ಸಹಿ ಕೇಳಿದರು. ಪೋಷಕರು ಹಾಕಲಿಲ್ಲ. ಬದಲಿಗೆ ಒಂದು ಅರ್ಜಿ ಬರೆದುಕೊಡಲು ನಮಗೆ ಹೇಳಿದರು. ಶಾಲೆ ಇಲ್ಲೇ ಇರಲಿ, ನಿಯೋಜನೆ ರದ್ದು ಮಾಡಿ ಎರಡನೇ ಶಿಕ್ಷಕರನ್ನು ವಾಪಸು ಕಳಿಸಿ ಎಂದು ಕನ್ನಡದಲ್ಲಿ ಬರೆದು, ಉರ್ದುವಿನಲ್ಲಿ ಓದಿ ಹೇಳಿದೆವು. ನಮ್ಮ ಹೆಸರನ್ನೇ ಮೊದಲು ಬರೆದು ಸಹಿ ಹಾಕಲು ಹೊರಟಾಗ, ಬಿಸಿಯೂಟದ ಖಾಲಾ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹತ್ತಿರ ಬಂದರು.

"ನಿನ್ನ ಮಗಳು ಎಲ್ಲಿ ಓದ್ತಾಳೆ ಬಾಬಾ?"

ಹೇಳಿದೆವು.

"ಹಂಗಾದ್ರೆ ನೀನು ಕೆಳಗೆ ಹಾಕು. ಮೇಲಿನ ಜಾಗ ನಮ್ಮದು."

ಅದರಲ್ಲಿ ಸಿಟ್ಟಿರಲಿಲ್ಲ. ಏಳು ಮನೆಯವರ ಸಹಿಯೂ ಹೆಬ್ಬೆಟ್ಟೂ ಮೇಲೆ ಬಿದ್ದವು. ಎಂಟನೆಯ ಸಾಲಿನಲ್ಲಿ ನಾವು ಸಹಿ ಹಾಕಿ, ಆವರಣದಲ್ಲಿ 'ಹಳೆಯ ವಿದ್ಯಾರ್ಥಿ' ಎಂದು ಬರೆದೆವು. ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಶಾಲೆ ಸದ್ಯಕ್ಕೆ ತೆರೆದಿದೆ.