ಅಪರೂಪದ ನಾಣ್ಯವೂ ಅಚೌರ್ಯವ್ರತವೂ

ನಾಣ್ಯವು ಕೈಯಿಂದ ಕೈಗೆ ಸಾಗುವುದಕ್ಕೆಂದೇ ಹುಟ್ಟಿದ ವಸ್ತು. ಹನ್ನೆರಡನೆಯ ಶತಮಾನದಲ್ಲಿ ಹೊಯ್ಸಳ ವಿಷ್ಣುವರ್ಧನನು ಟಂಕಿಸಿದ ಚಿನ್ನದ ಗದ್ಯಾಣ ಸುಮಾರು 4 ಗ್ರಾಂ ತೂಗುತ್ತದೆ. ಅದರ ಮೇಲೆ ‘ಶ್ರೀ ತಳಕಾಡುಗೊಂಡ’ ಅಥವಾ ‘ಶ್ರೀ ನೊಳಂಬವಾಡಿಗೊಂಡ’ ಎಂಬ ಕನ್ನಡ ಬರಹವಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಶಾಸನಗಳಲ್ಲಿ, ಗೊಮ್ಮಟೇಶ್ವರನ ನಿತ್ಯಾಭಿಷೇಕದ ಹಾಲಿಗಾಗಿ ಶ್ರಾವಕರು ಗದ್ಯಾಣಗಳನ್ನು ದತ್ತಿಯಾಗಿ ಬಿಟ್ಟು, ಅದರ ಬಡ್ಡಿಯಿಂದ ಸೇವೆ ನಡೆಯುವಂತೆ ಮಾಡಿದ ಸಂಗತಿ ದಾಖಲಾಗಿದೆ. ಅಂದು ಹಾಲಾಗಿ ಹರಿದ ಹೊನ್ನು ಇಂದು ಗಾಜಿನ ಪೆಟ್ಟಿಗೆಯ ಅಪೂರ್ವ ವಸ್ತು. ಅದನ್ನು ಯಾರೂ ಖರ್ಚು ಮಾಡರು. ಬಯಸುವವರು ಮಾತ್ರ ಹಲವರು. ಈ ಬಯಕೆಯನ್ನು ಗೃಹಸ್ಥನು ಯಾವ ಅಳತೆಗೋಲಿನಿಂದ ಅಳೆಯಬೇಕು?

ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಅವುಗಳಲ್ಲಿ ಮೂರು ಅಪರೂಪದ ನಾಣ್ಯಗಳ ಲೋಕಕ್ಕೆ ನೇರವಾಗಿ ಅನ್ವಯಿಸುತ್ತವೆ. ಕಳವಿನ ಮಾಲನ್ನು ಕೊಳ್ಳುವುದು ತದಾಹೃತಾದಾನ. ರಾಜ್ಯದ ಕಟ್ಟಳೆಯನ್ನು ಮೀರಿ ವ್ಯವಹರಿಸುವುದು ವಿರುದ್ಧರಾಜ್ಯಾತಿಕ್ರಮ. ಅಸಲಿಯೆಂದು ನಕಲಿಯನ್ನು ಸಾಗಿಸುವುದು ಪ್ರತಿರೂಪಕವ್ಯವಹಾರ.

ಅಮೆರಿಕದ ನಾಣ್ಯಗಳ ಕಥೆ ಇದಕ್ಕೆ ನಿದರ್ಶನ. 1933ರಲ್ಲಿ ಅಲ್ಲಿಯ ಟಂಕಸಾಲೆಯು 20 ಡಾಲರಿನ 4,45,500 ಚಿನ್ನದ ನಾಣ್ಯಗಳನ್ನು ಅಚ್ಚು ಹಾಕಿತು. ಆದರೆ ಆರ್ಥಿಕ ಕುಸಿತದ ಕಾಲದಲ್ಲಿ ಜನರು ಚಿನ್ನದ ನಾಣ್ಯ ಇಟ್ಟುಕೊಳ್ಳುವುದನ್ನು ಸರ್ಕಾರ ನಿಷೇಧಿಸಿದ್ದರಿಂದ ಅವು ಚಲಾವಣೆಗೆ ಬರಲೇ ಇಲ್ಲ. ಬಹುತೇಕ ಎಲ್ಲವೂ ಕರಗಿದವು. ಕೆಲವು ಮಾತ್ರ ಹೊರಗೆ ಜಾರಿದವು. ಒಂದು ಈಜಿಪ್ಟಿನ ದೊರೆ ಫಾರೂಕನ ಸಂಗ್ರಹ ಸೇರಿತ್ತು. ಆ ನಾಣ್ಯವೇ ಎಂದು ನಂಬಲಾದ ಒಂದು, ಸರ್ಕಾರದೊಡನೆ ರಾಜಿಯಾದ ಬಳಿಕ, 2002ರಲ್ಲಿ ಸುಮಾರು 76 ಲಕ್ಷ ಡಾಲರಿಗೂ 2021ರಲ್ಲಿ ಸುಮಾರು 189 ಲಕ್ಷ ಡಾಲರಿಗೂ ಹರಾಜಾಯಿತು. ಅಂಥವೇ ಹತ್ತು ನಾಣ್ಯಗಳನ್ನು ಒಂದು ಕುಟುಂಬವು 2004ರಲ್ಲಿ ಪರೀಕ್ಷೆಗೆಂದು ಟಂಕಸಾಲೆಗೆ ಒಪ್ಪಿಸಿದಾಗ ಸರ್ಕಾರ ಅವನ್ನು ಹಿಂದಿರುಗಿಸಲಿಲ್ಲ. ವರ್ಷಗಳ ವ್ಯಾಜ್ಯದ ನಂತರ 2017ರಲ್ಲಿ ಸರ್ಕಾರದ ಹಕ್ಕೇ ಸ್ಥಿರವಾಯಿತು. ಒಂದೇ ಅಚ್ಚಿನ ನಾಣ್ಯಗಳು. ಒಂದು ಐಶ್ವರ್ಯ, ಉಳಿದವು ಕಳವಿನ ಮಾಲು. ಭೇದವಿರುವುದು ಚಿನ್ನದಲ್ಲಲ್ಲ, ಬಂದ ದಾರಿಯಲ್ಲಿ.

1804ನೆಯ ಇಸವಿಯನ್ನು ಹೊತ್ತ ಪ್ರಸಿದ್ಧ ಬೆಳ್ಳಿ ಡಾಲರುಗಳ ಕಥೆ ಬೇರೆ. ಅವು ನಿಜವಾಗಿ ಅಚ್ಚಾದುದು 1834ರಲ್ಲಿ, ಮಸ್ಕತ್ತಿನ ಸುಲ್ತಾನ ಹಾಗೂ ಸಯಾಮಿನ ದೊರೆಯಂಥವರಿಗೆ ಉಡುಗೊರೆಯಾಗಿ. ಮುಂದೆ ಟಂಕಸಾಲೆಯವರೇ ಗುಟ್ಟಾಗಿ ಮತ್ತಷ್ಟನ್ನು ಅಚ್ಚು ಹಾಕಿದರು. ಸಂಗ್ರಾಹಕನ ಆಸೆಯೇ ಅಚ್ಚುಗಾರನ ಕೈಗೆ ಸುತ್ತಿಗೆ ಕೊಟ್ಟಿತು.

ಈ ಪ್ರಶ್ನೆ ದೂರದೇಶದ್ದಷ್ಟೇ ಅಲ್ಲ. ಅರಕಲಗೂಡಿನ ಕಡೆಯೋ ಹೊಳೆನರಸೀಪುರದ ಕಡೆಯೋ ರೈತನೊಬ್ಬನ ನೇಗಿಲಿಗೆ ಹೊನ್ನಿನ ಕುಡಿಕೆ ತಗುಲಿತೆನ್ನೋಣ. ಮಗಳ ಮದುವೆ ಎದುರಿಗಿದೆ. ಸಾಲ ತಲೆಯ ಮೇಲಿದೆ. “ಸಿಕ್ಕಿದ್ದು ಸಿಕ್ಕವನಿಗೆ” ಎನ್ನುವ ನೆರೆಯವನಿದ್ದಾನೆ, ರಾತ್ರೋರಾತ್ರಿ ಕರಗಿಸಿಕೊಡುವ ಅಕ್ಕಸಾಲಿಗನಿದ್ದಾನೆ. 1878ರ ನಿಧಿ ಕಾಯಿದೆಯಿಂದಲೂ ಇಂಥದನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ ನಿಯಮವಿದೆ. ಕಾನೂನು ಕಾಣದ ಹೊತ್ತಿನಲ್ಲೂ ಧರ್ಮ ಕಾಣುತ್ತದೆ: ಪರರು ಇಟ್ಟದ್ದು, ಮರೆತದ್ದು, ಬೀಳಿಸಿಕೊಂಡದ್ದು ಯಾವುದೂ ಎತ್ತಿಕೊಂಡವನದಾಗದೆಂಬುದು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದ ನಿಲುವು. ಆದರೆ ಬಡವನ ಕಷ್ಟವನ್ನು ಕಾಣದೆ ಅವನಿಗೆ ವ್ರತವನ್ನು ಬೋಧಿಸುವ ಸಮಾಜವೂ ನಿರ್ದೋಷಿಯಲ್ಲ. ಅವನ ಮಗಳ ಮದುವೆಗೆ ಕೈನೀಡುವುದು ನೆರೆಹೊರೆಯ ಶ್ರಾವಕರ ಕರ್ತವ್ಯವೇ ಆಗಿದೆ.

ಹಾಗೆಂದು ನಾಣ್ಯಸಂಗ್ರಹವೇ ಪಾಪವೆಂದಲ್ಲ. ಕುಲುಮೆಗೆ ಬೀಳಲಿದ್ದ ಎಷ್ಟೋ ಗದ್ಯಾಣ, ಪಣ, ಹಾಗಗಳನ್ನು ಸಂಗ್ರಾಹಕರು ಉಳಿಸಿದ್ದಾರೆ. ಇತಿಹಾಸ ಅವರಿಗೆ ಋಣಿ. ಆಚಾರ್ಯರು ಪರಿಗ್ರಹವೆಂದು ಕರೆದಿರುವುದು ಮೂರ್ಛೆಯನ್ನು, ಎಂದರೆ ವಸ್ತುವಿನಲ್ಲಿ ಮೈಮರೆತ ಮಮತೆಯನ್ನು. ನ್ಯಾಯವಾಗಿ ಬಂದ ನಾಣ್ಯವನ್ನು ಲೆಕ್ಕವಿಟ್ಟು, ಮಿತಿಯಿಟ್ಟು, ನೋಡಬಯಸುವವರಿಗೆ ತೋರಿಸಿ, ಕೊನೆಗೆ ವಸ್ತುಸಂಗ್ರಹಾಲಯಕ್ಕೆ ಬಿಟ್ಟುಕೊಡಬಲ್ಲವನು ಪರಿಮಾಣವ್ರತವನ್ನು ಮೀರಿದವನಲ್ಲ. ಯಾರಿಗೂ ತೋರಿಸಲಾಗದೆ ಬೀಗ ಹಾಕಿ ಅಂಜುತ್ತಿರುವವನನ್ನು ಆ ನಾಣ್ಯವೇ ಹಿಡಿದಿದೆ.

ಬಸದಿಗಳ ಟ್ರಸ್ಟುಗಳಿಗೂ ಇದು ಅನ್ವಯಿಸುತ್ತದೆ. ಹುಂಡಿಗೆ ಬಿದ್ದ ಹಳೆಯ ನಾಣ್ಯವನ್ನು ಎಲ್ಲ ಧರ್ಮದರ್ಶಿಗಳ ಸಮಕ್ಷಮದಲ್ಲಿ ತೂಗಿ, ಛಾಯಾಚಿತ್ರ ತೆಗೆಸಿ, ದಫ್ತರದಲ್ಲಿ ನಮೂದಿಸುವುದು ಯುಕ್ತ. ನೂರು ವರ್ಷ ಮೀರಿದ ನಾಣ್ಯವು 1972ರ ಕಾಯಿದೆಯಂತೆ ಪುರಾತನ ವಸ್ತು. ಖಾಸಗಿಯವರು ಅದನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ. ಗುಟ್ಟಾಗಿ ಬಂದು ಹೆಚ್ಚಿನ ಬೆಲೆ ಹೇಳುವ ದಲ್ಲಾಳಿಗೆ ಅದನ್ನು ಕೊಡುವುದಕ್ಕಿಂತ ಹಾಸನದ ಸರ್ಕಾರಿ ವಸ್ತುಸಂಗ್ರಹಾಲಯದವರನ್ನು ವಿಚಾರಿಸುವುದು ಲೇಸು.

ಬೆಳಗೊಳದ ದಾನಿಗಳ ಗದ್ಯಾಣಗಳು ಈಗ ಯಾರ ಕೈಯಲ್ಲಿಯೂ ಇಲ್ಲದಿರಬಹುದು. ಅವರು ಕೊಟ್ಟರೆಂಬುದು ಮಾತ್ರ ಕಲ್ಲಿನಲ್ಲಿ ಇನ್ನೂ ಓದಲು ಸಿಗುತ್ತದೆ.