ಕೈಯಲ್ಲಿ ಕಡ್ಡಿ, ಕಿವಿಯಲ್ಲಿ ವಚನ

ಹೊನ್ನಾಳಿಯ ನಮ್ಮ ಬಳಗದಲ್ಲಿ ಈಗೊಂದು ಚರ್ಚೆ ಎದ್ದಿದೆ. ವಾರಕ್ಕೊಂದು ಸಂಜೆ ಒಬ್ಬರ ಮನೆಯಲ್ಲಿ ಸೇರಿ ವಚನ ಓದುತ್ತೇವೆ. ಒಬ್ಬರು ಓದಿದರೆ ಉಳಿದವರು ಕೇಳುವುದು, ಆಮೇಲೆ ತೋಚಿದ್ದನ್ನು ಮಾತಾಡುವುದು. ಕೇಳುವವರಲ್ಲಿ ಕೆಲವರು ಕ್ರೋಶಾ ಕಡ್ಡಿ ಹಿಡಿದು ಬಾಗಿಲ ತೋರಣವನ್ನೋ ಮೊಮ್ಮಗುವಿನ ಟೋಪಿಯನ್ನೋ ಹೆಣೆಯುತ್ತಿರುತ್ತಾರೆ. ಹಿರಿಯರೊಬ್ಬರಿಗೆ ಅದು ಸರಿಬರಲಿಲ್ಲ. 'ವಚನ ಕೇಳೋವಾಗ ಚೈನು ಕಂಬ ಎಣಿಸ್ಕೊಂಡು ಕೂತ್ರೆ ಹೆಂಗವ್ವಾ? ಮನಸ್ಸು ಒಂದೇ ಅಲ್ಲೇನು?' ಎಂದರು. ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ, ಬಳಗದಲ್ಲೆಲ್ಲ ಚಿಕ್ಕವಳು, 'ಇದು ಕೈಯಲ್ಲಿದ್ರೇ ನಂಗೆ ತಲೆ ಶಾಂತವಾಗಿರುತ್ತೆ ಆಂಟಿ. ಇಲ್ಲಾಂದ್ರೆ ಓದಿದ್ದು ಕಿವಿಗೇ ಬೀಳಲ್ಲ' ಎಂದಳು. ಯುಗಾದಿ ಹತ್ತಿರ ಬಂದಿತ್ತು. ಮನೆ ತೊಳೆಯುವ ಮಾತೂ ಅದರೊಳಗೆ ಸೇರಿಕೊಂಡಿತು. ಹೆಣೆಯುವುದು, ಗುಡಿಸುವುದು, ಹಳೆಯದನ್ನು ಬಿಚ್ಚಿ ಹೊಸದು ಮಾಡುವುದು, ಇವು ದೇವರ ಕಡೆಗೆ ಹೋಗುವ ದಾರಿಗಳೋ ಅಥವಾ ಮನಸ್ಸನ್ನು ಸಮಾಧಾನ ಮಾಡಿಕೊಳ್ಳುವ ಉಪಾಯಗಳೋ? ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳು. ಆ ಸಂಜೆಯಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ನನ್ನ ತವರು ಚನ್ನಗಿರಿ ಸೀಮೆ. ಅಲ್ಲಿ ಹೋಳಿ ಹುಣ್ಣಿಮೆ ಕಳೆದು ಯುಗಾದಿ ಬರುವುದರೊಳಗೆ ಮನೆಯ ಒಂದೊಂದು ವಸ್ತುವೂ ಅಂಗಳ ಕಾಣಬೇಕು. ಅಷ್ಟರಲ್ಲಿ ಅಡಿಕೆ ಸುಲಿಯುವ ಕಾಲ ಮುಗಿದಿರುತ್ತದೆ. ಸುಲಿಯಲು ಕೂತವರ ಸೀರೆಗೆ ಹತ್ತಿದ ಅಡಿಕೆ ಚೊಗರು ಏನು ಮಾಡಿದರೂ ಹೋಗುವುದಿಲ್ಲ. ಅಂಥ ಸೀರೆಗಳನ್ನು ಅವ್ವ ಬೇರೆಯಾಗಿ ಎತ್ತಿಡುತ್ತಿದ್ದಳು. ಕೌದಿಯ ಒಳಪದರಕ್ಕೆ ಅವೇ. ಮೇಲೆ ಅಜ್ಜಿಯ ಇಳಕಲ್ ಸೀರೆಯ ತುಂಡು, ಅಪ್ಪನ ಪಂಚೆಯ ಅಂಚು, ನಮ್ಮ ಲಂಗದ ಚೂರು. ಧೂಳು ಹೊಡೆಯುವ ವಾರದಲ್ಲೇ ಕೌದಿ ಹೊಲಿಯುವ ಕೆಲಸವೂ ಹೊಸದಾಗಿ ಶುರುವಾಗುತ್ತಿತ್ತು. ಏಕೆಂದರೆ ಗಂಟು ಬಿಚ್ಚಿದಾಗಲೇ ಯಾವ ಬಟ್ಟೆ ಉಳಿದಿದೆ, ಯಾವುದು ಜೀರ್ಣವಾಗಿದೆ ಎಂದು ತಿಳಿಯುವುದು. ಸ್ವಚ್ಛತೆ ಮತ್ತು ಹೊಲಿಗೆ ಎರಡು ಬೇರೆ ಕೆಲಸಗಳೆಂದು ನನಗೆ ಮದುವೆಯಾಗುವವರೆಗೂ ಅನ್ನಿಸಿರಲಿಲ್ಲ.

ಹೊನ್ನಾಳಿಗೆ ಬಂದ ಮೇಲೆ ಹಾಸಿಗೆ ಹೊದಿಕೆ ಒಗೆಯಲು ತುಂಗಭದ್ರೆ ಇತ್ತು. ಕೂಡಲಿಯಲ್ಲಿ ತುಂಗೆ ಭದ್ರೆ ಸೇರಿ ಇತ್ತ ಹರಿದು ಬರುವ ಹೊಳೆ ಬೇಸಿಗೆಯಲ್ಲಿ ಸೊರಗಿದರೂ ಕೌದಿ ನೆನೆಸುವಷ್ಟು ನೀರಿರುತ್ತಿತ್ತು. ಕೆಲಸದ ಮೇಲೆ ಜಗಳೂರಿಗೆ ಹೋದಾಗಲೇ ಬೇರೆಯದನ್ನು ಕಂಡದ್ದು. ಅಲ್ಲಿ ಮಾರ್ಚ್ ತಿಂಗಳಲ್ಲಿ ಕೊಡ ಎಣಿಸಿ ನೀರು ಖರ್ಚು ಮಾಡುವ ಮನೆಗಳಿದ್ದವು. ನಾನು ಬಾಡಿಗೆಗಿದ್ದ ಮನೆಯ ಅಮ್ಮ ಹಬ್ಬಕ್ಕೆ ನೆಲ ತೊಳೆಯುತ್ತಿರಲಿಲ್ಲ. ಗುಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಕಂಬಳಿಗಳನ್ನು ಬಿಸಿಲಿಗೆ ಹಾಕಿ ಕೋಲಿನಿಂದ ಬಡಿಯುತ್ತಿದ್ದಳು. ಅಷ್ಟಕ್ಕೆ ಹಬ್ಬ ಒಪ್ಪಿಕೊಳ್ಳುತ್ತಿತ್ತು. ಈಗ ಆ ತಾಲ್ಲೂಕಿನ 57 ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸುವ ಯೋಜನೆ ಬಂದಿದೆ. ಆ ತಾಯಿಯ ನೆಲ ಒಮ್ಮೆಯಾದರೂ ಹೊಳೆನೀರು ಕಾಣಲಿ ಎಂದು ನನ್ನ ಮನಸ್ಸು ಬಯಸುತ್ತದೆ. ಆದರೂ ಅವಳ ಮನೆ ಕೊಳೆಯಾಗಿತ್ತೆಂದು ನಾನು ಯಾವತ್ತೂ ಹೇಳಲಾರೆ.

ಇಲ್ಲಿ ಧರ್ಮದ ಪ್ರಶ್ನೆ ಎದುರಾಗುತ್ತದೆ. ಶರಣರು ಪಂಚಸೂತಕಗಳನ್ನು ತಳ್ಳಿಹಾಕಿದರು. ಹುಟ್ಟು, ಸಾವು, ಮುಟ್ಟು, ಎಂಜಲು, ಜಾತಿ, ಈ ಐದರಲ್ಲಿ ಯಾವುದರಿಂದಲೂ ಮನುಷ್ಯನಿಗೆ ಮೈಲಿಗೆ ಇಲ್ಲ ಎಂದರು. ಹನ್ನೆರಡನೆಯ ಶತಮಾನದಲ್ಲಿ ಅದು ಎಂಥ ಧೈರ್ಯದ ಮಾತು! ಹಾಗಾದರೆ ಹಬ್ಬಕ್ಕೆ ಮುಂಚೆ ಮನೆಯಲ್ಲಿ ತೊಳೆಯಬೇಕಾದ್ದು ಏನು ಉಳಿಯಿತು? ಧೂಳು ಉಳಿಯಿತು. ಜೇಡರ ಬಲೆ ಉಳಿಯಿತು. ಒಲೆಯ ಮಸಿ, ಹಾಸಿಗೆಯ ಬೆವರು ಉಳಿಯಿತು. ಇವುಗಳಿಗೆ ಹೆದರಬೇಕಾಗಿಲ್ಲ. ಗುಡಿಸಿದರೆ ಹೋಗುತ್ತವೆ, ನಾಳೆ ಮತ್ತೆ ಬರುತ್ತವೆ, ಇವತ್ತು ಆಗದಿದ್ದರೆ ನಾಡಿದ್ದು ಗುಡಿಸಬಹುದು. ಹಬ್ಬದ ಕೆಲಸ ಹೆಂಗಸರ ಎದೆಯ ಮೇಲೆ ಕೂರುವುದು ಕೊಳೆಯ ದೆಸೆಯಿಂದಲ್ಲವೆಂದು ನನಗೆ ಅನುಭವದಿಂದ ತಿಳಿದಿದೆ. ದೇವರ ಕೋಣೆಗೆ ಯಾರು ಹೋದರು, ಯಾವ ಬಟ್ಟೆ ಯಾವುದಕ್ಕೆ ತಾಗಿತು, ಹಬ್ಬದ ದಿನಕ್ಕೇ ಮುಟ್ಟಾದರೆ ಗತಿಯೇನು ಎಂಬ ಅಂಜಿಕೆಯೇ ಆ ಭಾರ. ಬಸವಣ್ಣನ ಫೋಟೊ ಹಾಕಿಕೊಂಡ ಮನೆಗಳಲ್ಲೂ ಅದು ಹಿತ್ತಲ ಬಾಗಿಲಿನಿಂದ ಮತ್ತೆ ಒಳಗೆ ಬಂದು ಕೂತಿದೆ. ಅದು ನನಗೆ ನೋವಿನ ಸಂಗತಿ. ಒತ್ತಡವಿಲ್ಲದೆ ಮನೆ ಸ್ವಚ್ಛ ಮಾಡುವುದು ಹೇಗೆ ಎಂದು ನಮ್ಮ ಬ್ಯಾಂಕಿನ ಹುಡುಗಿ ಕೇಳಿದಾಗ ನಾನು ಹೇಳಿದ್ದು ಇಷ್ಟೇ: ಮೊದಲು ಸೂತಕ ಆಚೆ ಹಾಕು. ಆಮೇಲೆ ಒಂದು ದಿನಕ್ಕೆ ಒಂದು ಗೂಡು, ಒಂದು ಮೂಲೆ.

ನಮ್ಮ ಪಕ್ಕದ ಶಿಕಾರಿಪುರ ತಾಲ್ಲೂಕಿನ ಜಂಬೂರಿನವಳು ಶರಣೆ ಸತ್ಯಕ್ಕ. ಶಿವಭಕ್ತರ ಮನೆಗಳ ಅಂಗಳ ಗುಡಿಸುವುದು ಅವಳ ಕಾಯಕವಾಗಿತ್ತು. ಅವಳ ಪೊರಕೆ ತನ್ನ ಮನೆಯಲ್ಲೇ ನಿಲ್ಲಲಿಲ್ಲ ಎಂಬುದನ್ನು ನಾನು ಬಹಳ ಸಲ ನೆನೆಯುತ್ತೇನೆ. ನಾವು ಯಾರ ಅಂಗಳ ಗುಡಿಸುತ್ತಿದ್ದೇವೆ? ಆಯ್ದಕ್ಕಿ ಲಕ್ಕಮ್ಮ ಇನ್ನೊಂದು ದಿಕ್ಕಿನಿಂದ ಬರುತ್ತಾಳೆ. ಗಂಡ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಚ್ಚಿನದನ್ನು ಅಲ್ಲೇ ಸುರಿದು ಬರಲು ಕಳಿಸಿದವಳು ಅವಳು. ಅವಳ ಮನೆಗೆ ಅಟ್ಟ ಬೇಕಾಗಲೇ ಇಲ್ಲವೇನೋ. ನಮ್ಮ ಅಟ್ಟಗಳಲ್ಲಿ ಮದುವೆ, ಗೃಹಪ್ರವೇಶಗಳಲ್ಲಿ ಬಂದ ಸ್ಟೀಲ್ ಡಬ್ಬಿಗಳು, ಉಡಿ ತುಂಬಿದ ಕುಪ್ಪಸದ ಬಟ್ಟೆಗಳು ಮನೆಯಿಂದ ಮನೆಗೆ ಸುತ್ತುತ್ತ ವಯಸ್ಸಾಗುತ್ತವೆ. ವರ್ಷಕ್ಕೊಮ್ಮೆ ಎಸೆದು ಹಗುರಾಗುವ ಉಪದೇಶ ಈಗ ಎಲ್ಲ ಕಡೆ ಸಿಗುತ್ತದೆ. ಲಕ್ಕಮ್ಮನ ಮಾತು ಅದಕ್ಕಿಂತ ಕಠಿಣ. ಅವಳು ಹೊಸ್ತಿಲಲ್ಲೇ ತಡೆಯುತ್ತಾಳೆ.

ಎಸೆಯುವ ಮೊದಲು ಇನ್ನೊಂದು ಬದುಕು ಕೊಡುವ ಜಾಣ್ಮೆಯನ್ನು ಈ ಸೀಮೆ ಚೆನ್ನಾಗಿ ಬಲ್ಲದು. ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದ ನ್ಯಾಮತಿಯ ಸೂರಗೊಂಡನಕೊಪ್ಪ ಸಂತ ಸೇವಾಲಾಲರು 1739ರ ಫೆಬ್ರವರಿ 15ರಂದು ಹುಟ್ಟಿದರೆಂದು ಬಂಜಾರರು ನಂಬಿ ನಡೆದುಕೊಳ್ಳುವ ಕ್ಷೇತ್ರ. ಜಯಂತಿಗೆ ದೂರದೂರದ ತಾಂಡಾಗಳಿಂದ ಜನ ಬರುತ್ತಾರೆ. ಅಲ್ಲಿಗೆ ಬರುವ ಹಿರಿಯ ಹೆಂಗಸರ ಕಾಂಚಳಿ ಮತ್ತು ಫೇಟಿಯಾಗಳ ಮೇಲಿನ ಕನ್ನಡಿ, ಕವಡೆ, ನಾಣ್ಯಗಳನ್ನು ಹತ್ತಿರದಿಂದ ನೋಡಿದ್ದೇನೆ. ಬಟ್ಟೆ ಹರಿದಾಗ ಕಸೂತಿಯ ತುಂಡು ಬಿಡಿಸಿ ಹೊಸ ಬಟ್ಟೆಗೆ ಹಚ್ಚುತ್ತೇವೆ ಎಂದು ಒಬ್ಬಾಕೆ ತೋರಿಸಿದ್ದಳು. ಒಂದು ತುಂಡು ಅವಳ ತಾಯಿಯ ಕೈಯದು. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ನ್ಯಾಮತಿಯ ಅಜ್ಜಿಯರ ಬೆರಳುಗಳಿಗೂ ಆ ಗೌರವ ಸಲ್ಲಬೇಕೆಂದು ನನ್ನ ಆಸೆ.

ಇನ್ನು ಉಣ್ಣೆ. ಜಗಳೂರು, ಚಳ್ಳಕೆರೆ ಕಡೆಯ ಕಂಬಳಿಯ ಕೆಲಸದಲ್ಲಿ ಹೆಂಗಸರು ಕುರಿಯ ಕರಿ ಉಣ್ಣೆಯನ್ನು ನೂಲುತ್ತಾರೆ, ಹಾಸುನೂಲಿಗೆ ಹುಣಸೆಬೀಜದ ಸರಿ ಬಳಿಯುತ್ತಾರೆ, ಗಂಡಸರು ಗುಣಿಮಗ್ಗದಲ್ಲಿ ಕೂತು ನೇಯುತ್ತಾರೆ. ಹಾಲುಮತದ ಕುರುಬರು ದೇವರ ಗದ್ದುಗೆಗೆ ಹಾಸುವುದು ಅದೇ ಕಂಬಳಿ. ಕಂಬಳಿಗೆ ಮೈಲಿಗೆಯಿಲ್ಲ ಎಂಬ ನಂಬಿಕೆ ಕುರುಬರಲ್ಲಿದೆ. ಮಡಿಗೆಂದು ಧಾವಳಿ ಉಡುವ ಬ್ರಾಹ್ಮಣರ ಮನೆಗಳಲ್ಲೂ ಉಣ್ಣೆಯ ಬಗ್ಗೆ ಅದೇ ಮಾತಿದೆ. ಒಂದೇ ವಸ್ತುವನ್ನು ಒಬ್ಬರು ಎಲ್ಲರೂ ಕೂರಲಿ ಎಂದು ಹಾಸಿದರು, ಇನ್ನೊಬ್ಬರು ಯಾರೂ ಮುಟ್ಟದಿರಲಿ ಎಂದು ಉಟ್ಟರು. ನನ್ನ ಒಲವು ಹಾಸಿದವರ ಕಡೆ. ನಮ್ಮ ಬಳಗದವರು ಹೆಣೆಯುವ ಬಣ್ಣಬಣ್ಣದ ಉಲ್ಲನ್ ಮಾತ್ರ ಬಹುಪಾಲು ಕುರಿಯದ್ದಲ್ಲ, ಕಾರ್ಖಾನೆಯ ಅಕ್ರಿಲಿಕ್. ಅಷ್ಟರಿಂದ ಅದರ ಮೇಲಿನ ಗೌರವವೇನೂ ನನಗೆ ಕಡಿಮೆಯಾಗಿಲ್ಲ. ಕೈ ಅದೇ ಕೈ.

ಆ ಕೈಗೆ ಏನಾಗುತ್ತದೆ ಎಂದು ತಿಳಿದವರೂ ವಿಚಾರಿಸಿದ್ದಾರೆ. 2013ರಲ್ಲಿ ಬ್ರಿಟನ್ನಿನ ವೃತ್ತಿಚಿಕಿತ್ಸೆಯ ಪತ್ರಿಕೆಯೊಂದರಲ್ಲಿ ಒಂದು ಸಮೀಕ್ಷೆ ಪ್ರಕಟವಾಯಿತು. ಬೇರೆ ಬೇರೆ ದೇಶಗಳ 3500ಕ್ಕೂ ಹೆಚ್ಚು ಹೆಣೆಯುವವರು ಅದಕ್ಕೆ ಉತ್ತರಿಸಿದ್ದರು. ಪದೇ ಪದೇ ಹೆಣೆಯುವವರಲ್ಲಿ ಶಾಂತವಾಗಿದ್ದೇವೆ, ಸಂತೋಷವಾಗಿದ್ದೇವೆ ಎಂದವರು ಹೆಚ್ಚು. ಗುಂಪಿನಲ್ಲಿ ಕೂತು ಹೆಣೆಯುವವರು ಇನ್ನೂ ಒಳ್ಳೆಯದನ್ನು ಹೇಳಿದ್ದರು. ನಮ್ಮ ಹುಡುಗಿಯ ಮಾತಿಗೆ ಇದು ಬೆಂಬಲವೇ. ನಾನು ಅದನ್ನು ಬಳಗದಲ್ಲಿ ಓದಿ ಹೇಳಿದೆ ಕೂಡ.

ಆದರೆ ಶಾಂತಿ ಸಿಕ್ಕಿದ ಮಾತ್ರಕ್ಕೆ ಅದು ಕಾಯಕವಾಯಿತೇ? ಕಾಯಕಕ್ಕೆ ಶರಣರು ದಾಸೋಹವನ್ನು ಜೋಡಿಸಿದರು. ದುಡಿದದ್ದು ಇನ್ನೊಬ್ಬರನ್ನು ಮುಟ್ಟಬೇಕು. ನನಗೆ ನೆಮ್ಮದಿ ಕೊಡುವುದಕ್ಕಷ್ಟೇ ಹೆಣೆದು, ನನಗೆ ಹಗುರಾಗುವುದಕ್ಕಷ್ಟೇ ಮನೆ ಖಾಲಿ ಮಾಡಿದರೆ ಆ ಕೆಲಸ ನನ್ನಿಂದ ಹೊರಟು ನನಗೇ ಬಂದು ಸೇರಿತು. ಅದರಲ್ಲಿ ಕೇಡಿಲ್ಲ. ಆದರೆ ಕಾಯಕ ಎಂಬ ದೊಡ್ಡ ಹೆಸರು ಅದಕ್ಕೆ ಇನ್ನೂ ಸಲ್ಲುವುದಿಲ್ಲ ಎಂದು ನಾನು ವಾದಿಸುತ್ತಿದ್ದೆ. ಈಗಲೂ ವಾದಿಸುತ್ತೇನೆ. ಆದರೂ ನ್ಯಾಮತಿಯಲ್ಲಿರುವ ನನ್ನ ನಾದಿನಿಯ ನೆನಪು ಆ ವಾದದ ನಡುವೆ ಬಂದು ನಿಲ್ಲುತ್ತದೆ.

ಗಂಡ ತೀರಿಕೊಂಡ ವರ್ಷ ಅವಳು ಬೀರು ತೆಗೆಯಲೇ ಇಲ್ಲ. ಯುಗಾದಿಗೆ ನಾನು ಹೋಗಿ ಜೊತೆಗೆ ಕೂತು ತೆಗೆಸಿದೆ. ಅಂಗಿಗಳನ್ನು ಕೊಡಲು ಒಪ್ಪಿದಳು, ಪಂಚೆಗಳನ್ನೂ. ಬೂದು ಬಣ್ಣದ ಒಂದು ಸ್ವೆಟರ್ ಮಾತ್ರ ಮಡಿಲಲ್ಲಿ ಇಟ್ಟುಕೊಂಡಳು. ಅವಳೇ ಹಾಕಿದ್ದು. ಮಧ್ಯಾಹ್ನ ನೋಡಿದರೆ ಕುತ್ತಿಗೆಯಿಂದ ಬಿಚ್ಚಲು ಶುರುಮಾಡಿದ್ದಾಳೆ. ಬಿಚ್ಚಿದ ದಾರ ಸುರುಳಿ ಸುರುಳಿಯಾಗಿ ಬರುತ್ತದೆ. ಅದನ್ನು ಲಡಿ ಮಾಡಿ, ಬೆಚ್ಚಗಿನ ನೀರಲ್ಲಿ ಅದ್ದಿ, ಕೆಳಗೆ ಭಾರ ಕಟ್ಟಿ ನೆರಳಿನಲ್ಲಿ ತೂಗಿಬಿಟ್ಟರೆ ನೆಟ್ಟಗಾಗುತ್ತದೆ. ಆಮೇಲೆ ತಿಂಗಳುಗಟ್ಟಲೆ ಅದೇ ದಾರದಲ್ಲಿ ಏನೇನೋ ಹಾಕಿದಳು, ಬಿಚ್ಚಿದಳು. ಯಾರಿಗೆ ಎಂದು ಕೇಳಿದರೆ 'ಯಾರಿಗೂ ಇಲ್ಲ, ಸುಮ್ನೆ' ಎನ್ನುತ್ತಿದ್ದಳು. ಅದನ್ನು ನಾನು ಏನೆಂದು ಕರೆಯಲಿ? ಅಲ್ಲಿ ದಾಸೋಹ ಇರಲಿಲ್ಲ. ಕೊಡಲು ಕೈ ಇತ್ತು, ತೆಗೆದುಕೊಳ್ಳುವವರು ಇರಲಿಲ್ಲ. ಅವಳ ಪಕ್ಕ ಕೂತಷ್ಟು ಹೊತ್ತು ಪೂಜೆಯ ಹತ್ತಿರ ಕೂತಂತೆಯೇ ನನಗೆ ಅನ್ನಿಸಿದ್ದು ನಿಜ. ಕೊಡುವ ಶಕ್ತಿ ತಿರುಗಿ ಬರುವವರೆಗೆ ಕೈ ತನ್ನನ್ನು ಕಾಪಾಡಿಕೊಳ್ಳುವುದೂ ಕಾಯಕದ ಒಳಗಿನದೇ ಎಂದು ಈಗ ನಾನು ಒಪ್ಪುತ್ತೇನೆ. ದುಃಖದಲ್ಲಿರುವವರನ್ನು 'ಯಾರಿಗಾಗಿ' ಎಂದು ಕೇಳಬಾರದು. ಸುಖವಾಗಿರುವ ನಾವು ಕೇಳಿಕೊಳ್ಳಬೇಕು.

ಬಳಗದ ಹಿರಿಯರಿಗೆ ಉತ್ತರವಾಗಿ ನಾನು ನುಲಿಯ ಚಂದಯ್ಯನ ಪ್ರಸಂಗ ಹೇಳಿದೆ. ಶೂನ್ಯಸಂಪಾದನೆಯಲ್ಲಿ ಬರುವ ಕಥೆ. ಹಗ್ಗ ಹೊಸೆಯಲು ಕೆರೆಯಲ್ಲಿ ಹುಲ್ಲು ಕೊಯ್ಯುವಾಗ ಚಂದಯ್ಯನ ಇಷ್ಟಲಿಂಗ ಜಾರಿ ನೀರಿಗೆ ಬಿತ್ತು. ಅವನು ಹುಡುಕಲಿಲ್ಲ, ಹುಲ್ಲಿನ ಹೊರೆ ಹೊತ್ತು ನಡೆದ. ಲಿಂಗವೇ ಅವನ ಹಿಂದೆ ಬಂತು. ಜಂಗಮದಾಸೋಹ ತಪ್ಪಿಸಿ ಲಿಂಗವನ್ನು ಕಾಯಲು ಅವನು ಒಪ್ಪಲಿಲ್ಲ. ಮಡಿವಾಳ ಮಾಚಯ್ಯ, ಕಲ್ಯಾಣದ ಶರಣರ ಬಟ್ಟೆ ಒಗೆದವನು, ನಡುವೆ ಬಂದು ಮಾತಾಡಿದ. ಕೊನೆಗೆ ಲಿಂಗವೂ ಕಾಯಕ ಮಾಡಬೇಕೆಂದಾಯಿತು. ಹಗ್ಗ ಹೊಸೆಯುವವನೂ ಬಟ್ಟೆ ಒಗೆಯುವವನೂ ಕೂಡಿ ದೇವರನ್ನು ಕೆಲಸಕ್ಕೆ ಹಚ್ಚಿದ ಇಂಥ ಪ್ರಸಂಗ ನಮ್ಮದಾಗಿರುವಾಗ ಕೇಳುವವರ ಕೈಯಿಂದ ಕಡ್ಡಿ ಕಿತ್ತಿಡುವುದು ಹೇಗೆ ಎಂದೆ.

ಹಿರಿಯರು ಪೂರ್ತಿ ಕೇಳಿದರು. 'ಅರ್ಧ ಹೇಳಿದ್ರಿ ಟೀಚರ್' ಎಂದರು. 'ಅಲ್ಲಮ ಪ್ರಭುದೇವರು ಆಮೇಲೆ ಚಂದಯ್ಯಂಗೆ ಬುದ್ಧಿ ಹೇಳ್ತಾರೆ. ಮಾಡೋದ್ರಲ್ಲಿ ಮುಳುಗಿ ಮಾಡಿಸೋವ್ನ ಮರೀಬಾರ್ದು ಅಂತ. ಚಂದಯ್ಯ ಒಪ್ಕೊಂಡು ಲಿಂಗ ತಗೋತಾನೆ. ಅದನ್ಯಾಕೆ ಬಿಟ್ರಿ?' ಅವರ ಮಾತು ಸರಿ. ಪ್ರಸಂಗ ಅಲ್ಲಿಯವರೆಗೂ ಹೋಗುತ್ತದೆ. ಕೈ ತಾನೇ ತಾನಾಗಿ ಓಡುತ್ತಿರುವಾಗ ಅರಿವು ಎಲ್ಲೋ ಉಳಿದುಬಿಡಬಹುದು. ಅಭ್ಯಾಸವಾದ ಹೆಣಿಗೆಯಲ್ಲೂ ಗುಡಿಸುವುದರಲ್ಲೂ ಆ ಅಪಾಯ ಇದ್ದೇ ಇದೆ. ಕಡ್ಡಿ ಹಿಡಿದ ಹುಡುಗಿ ನಿಜವಾಗಿ ಕೇಳುತ್ತಿದ್ದಾಳೋ ಇಲ್ಲವೋ ಅವಳೇ ಬಲ್ಲಳು. ಕಡ್ಡಿ ಇಲ್ಲದೆ ಕೈಮುಗಿದು ಕೂತವರ ವಿಷಯವೂ ಹಾಗೆಯೇ ಎಂದು ನಾನು ಹೇಳಿದ್ದಕ್ಕೆ ಅವರು ತಲೆದೂಗಿದರು, ಪೂರಾ ಒಪ್ಪಲಿಲ್ಲ. ಬಸವ ಜಯಂತಿಯ ಹೊತ್ತಿಗೆ ಇಡೀ ಪ್ರಸಂಗವನ್ನು ಮೊದಲಿನಿಂದ ಕೊನೆಯವರೆಗೆ ಓದಿಸಬೇಕೆಂದು ಕೇಳಿದ್ದಾರೆ. ಓದುವವಳು ನಾನು, ಆದ್ದರಿಂದ ಆ ದಿನ ನನ್ನ ಕೈಯಲ್ಲಿ ಪುಸ್ತಕವಿರುತ್ತದೆ. ಉಳಿದವರು ಹೆಣೆಯಬಹುದು. ಅಂದು ಹೆಣೆದ ಟೋಪಿಗಳು ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಹೋಗಬೇಕೆಂದು ಹೇಳಿದವರು ಆ ಹಿರಿಯರೇ.